ದೂರಿಲ್ಲದ ಬಾಡಿಗೆದಾರಳು

ಸೋಮವಾರ ಬೆಳಿಗ್ಗೆ ಹತ್ತೂ ಕಾಲಿಗೆ ಬಾವಿ ಉತ್ತರ ಕೊಡಲಿಲ್ಲ.

ವಾಸದ ಪರವಾನಗಿ ಕಚೇರಿಯ ಹಿತ್ತಿಲಲ್ಲಿ ಆಗ ಇದ್ದವರು ಮೂವರು: ನಾನು, ನನ್ನ ಕೆಳಗಿನ ಮಹಡಿಯ ಓರ್ಸಮ್ಮ, ಬಾವಿಯ ಅಧಿಕಾರಿ ಪಾವ್ಲೆನ್. ಓರ್ಸಮ್ಮ ಕಟ್ಟೆಗೆ ಎರಡೂ ಕೈ ಊರಿ, ಬಗ್ಗಿ, "ಮೇಲಿನ ಮನೆಯ ವೈಜಯಂತಿ ರಾತ್ರಿಯೆಲ್ಲ ದಡದಡ ಓಡಾಡಿ ನನ್ನ ನಿದ್ದೆ ಕೆಡಿಸುತ್ತಾಳೆ" ಎಂದು ಸಾಕಷ್ಟು ಗಟ್ಟಿಯಾಗಿಯೇ ಹೇಳಿದ್ದರು. ಬಾವಿಯಲ್ಲಿ ನೀರಿತ್ತು. ನೀರಿನಲ್ಲಿ ನಮ್ಮ ಮೂರು ತಲೆಗಳೂ ಕಾಣುತ್ತಿದ್ದವು. ದನಿ ಮಾತ್ರ ವಾಪಸು ಬರಲಿಲ್ಲ.

"ಇನ್ನೊಂದು ಸಲ ಹೇಳಿ ನೋಡ್ತೀರಾ? ಸ್ವಲ್ಪ ಸಿಟ್ಟು ಸೇರಿಸಿ," ಎಂದರು ಪಾವ್ಲೆನ್.

ಓರ್ಸಮ್ಮ ಹುಬ್ಬು ಗಂಟಿಕ್ಕಿ, ಕಟ್ಟೆಗೆ ಒಂದು ಗುದ್ದು ಗುದ್ದಿ ಮತ್ತೆ ಹೇಳಿದರು. ಬಾವಿ ಸುಮ್ಮನಿತ್ತು. ಅವರು ನಿಟ್ಟುಸಿರು ಬಿಟ್ಟು, ಇನ್ನೂ ಬಗ್ಗಿಕೊಂಡೇ, "ಏನು ಮಾಡಲಿ, ಈ ಹುಡುಗಿ ತುಂಬ ಒಳ್ಳೆಯವಳು" ಎಂದರು. ಬಾವಿ ತಕ್ಷಣ, ಸ್ಪಷ್ಟವಾಗಿ, ಎರಡು ಸಲ ಹೇಳಿತು: ಒಳ್ಳೆಯವಳು, ಒಳ್ಳೆಯವಳು.

"ಅದನ್ನು ನಾನು ಲೆಕ್ಕಕ್ಕೆ ತಗೊಳ್ಳೋ ಹಾಗಿಲ್ಲ," ಎಂದು ಪಾವ್ಲೆನ್ ಕೈ ಚೆಲ್ಲಿದರು. "ಶುಕ್ರವಾರ ನಾಲ್ಕಕ್ಕೆ ಬಾವಿಯ ಮುಚ್ಚಳ ಹಾಕ್ತೀವಿ. ಅಷ್ಟರೊಳಗೆ ಯಾರನ್ನಾದರೂ ಕರ್ಕೊಂಡು ಬನ್ನಿ. ಇಲ್ಲದಿದ್ದರೆ ಸಂಜೆಯ ಬಸ್ಸು ಹತ್ತಬೇಕಾಗುತ್ತೆ."

ಆ ಊರಿನಲ್ಲಿ ಹೊರದೇಶದ ವಿದ್ಯಾರ್ಥಿಗೆ ಮೊದಲ ವರ್ಷದ ಪರವಾನಗಿಯನ್ನು ಕಾಲೇಜು ಕೊಡಿಸುತ್ತದೆ. ಎರಡನೆಯ ವರ್ಷದಿಂದ ಅದು ಬಾವಿಯ ಕೆಲಸ. ಒಂದೇ ಕಟ್ಟಡದ ಮೆಟ್ಟಿಲು ಹತ್ತಿ ಇಳಿಯುವ ನೆರೆಯವರು ಯಾರಾದರೂ ಬಂದು, ಬಾವಿಗೆ ಬಗ್ಗಿ, ಆ ವಿದ್ಯಾರ್ಥಿಯ ಮೇಲೆ ಒಂದು ದೂರು ಹೇಳಬೇಕು. ಮನಸ್ಸಿನಿಂದ ಬಂದ ಮಾತಾದರೆ ಬಾವಿ ಅದನ್ನು ತಿರುಗಿ ಹೇಳುತ್ತದೆ, ಪರವಾನಗಿ ಒಂದು ವರ್ಷ ಮುಂದುವರಿಯುತ್ತದೆ. ಬರೀ ಬಾಯಿಮಾತಾದರೆ ಹೇಳುವುದಿಲ್ಲ. ಊರಿನವರೂ ಇದರಿಂದ ಹೊರತಲ್ಲ. ಎಪ್ಪತ್ತು ದಾಟಿದವರ ಹೆಸರಿನಲ್ಲಿ ಮನೆ ಉಳಿಯಬೇಕಾದರೆ ಅವರ ಮೇಲೂ ವರ್ಷಕ್ಕೊಂದು ದೂರು ಬೇಕು. ಇದರಲ್ಲಿ ಅವರಿಗೆ ವಿಚಿತ್ರ ಏನೂ ಕಾಣುವುದಿಲ್ಲ. ಇರುವ ಮನುಷ್ಯ ಸದ್ದು ಮಾಡುತ್ತಾನೆ, ವಾಸನೆ ಎಬ್ಬಿಸುತ್ತಾನೆ, ಮೆಟ್ಟಿಲಿಗೆ ಅಡ್ಡವಾಗಿ ಸೈಕಲ್ಲು ನಿಲ್ಲಿಸುತ್ತಾನೆ. ಯಾರಿಗೂ ಅಡ್ಡಿಯಾಗದವನು ಇಲ್ಲಿದ್ದಾನೆ ಎಂದು ನಂಬುವುದು ಹೇಗೆ ಎಂದು ಅವರು ಕೇಳುತ್ತಾರೆ.

ವಿದ್ಯಾರ್ಥಿಗಳು ಇದಕ್ಕೆ ಬೇಗನೆ ಒಗ್ಗಿಹೋಗಿದ್ದರು. ಹಳಬರು ಹೊಸಬರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠವೆಂದರೆ ಬಂದ ವಾರವೇ ಮೆಟ್ಟಿಲ ಮೇಲಿಂದ ಒಂದು ಪಾತ್ರೆ ಬೀಳಿಸು ಎಂಬುದು. ಫಿಜಿಯಿಂದ ಬಂದ ಒಬ್ಬ ಬಾಲ್ಕನಿಯಲ್ಲಿ ಹುಂಜ ಸಾಕಿದ್ದ. ನನ್ನ ತರಗತಿಯ ಇನ್ನೊಬ್ಬಳು ತುತ್ತೂರಿ ಕಲಿಯಲು ಸೇರಿ, ಪರವಾನಗಿ ಸಿಕ್ಕ ಮರುದಿನವೇ ಬಿಟ್ಟಳು. ನನಗೂ ಎಲ್ಲರೂ ಹೇಳಿದ್ದರು. ಕೇಳಿಸಿಕೊಂಡು ತಲೆಯಾಡಿಸಿದ್ದೆ, ಅಷ್ಟೇ.

ನನ್ನ ತೊಂದರೆಯ ಮೂಲ ಹುಬ್ಬಳ್ಳಿಯಲ್ಲಿದೆ. ನಾನು ಹುಟ್ಟಿದಾಗಿನಿಂದ ನಾವು ಬಾಡಿಗೆ ಮನೆಗಳಲ್ಲಿ ಇದ್ದವರು. ಎಲ್ಲ ಕಡೆಯೂ ಓನರ್ ಒಂದೋ ಮೇಲೆ, ಇಲ್ಲವೇ ಕೆಳಗೆ. ಓನರ್ ಬಾಯಲ್ಲಿ ನಮ್ಮ ಹೆಸರು ಬರಬಾರದು ಎಂಬುದು ಅವ್ವನ ಒಂದೇ ನಿಯಮ. ಕುರ್ಚಿಯ ಕಾಲಿಗೆ ಹಳೆಯ ಸಾಕ್ಸು ಕಟ್ಟಿರುತ್ತಿದ್ದಳು. ಕುಕ್ಕರಿನ ಸೀಟಿ ಕೂಗುವ ಮೊದಲೇ ಒಲೆ ಸಣ್ಣದು ಮಾಡುತ್ತಿದ್ದಳು. ಗೋಡೆಗೆ ಮೊಳೆ ಹೊಡೆದವರಲ್ಲ ನಾವು. ನಮ್ಮ ಕ್ಯಾಲೆಂಡರು ಸದಾ ಫ್ರಿಜ್ಜಿನ ಮೇಲೆ ಮಲಗಿರುತ್ತಿತ್ತು. ಆರು ಮನೆ ಬದಲಿಸಿದರೂ ಒಂದೇ ಒಂದು ಮಾತು ಕೇಳಿಸಿಕೊಳ್ಳದೆ ಬಂದೆವು ಎಂಬುದು ಅವ್ವನ ಹೆಮ್ಮೆ. ಹಳೆಯ ಸೇತುವೆಗಳ ದುರಸ್ತಿ ಕಲಿಯಲೆಂದು ನಾನು ಆ ಊರಿಗೆ ಹೊರಟಾಗ ನನ್ನ ಪೆಟ್ಟಿಗೆಯಲ್ಲಿ ಚಟ್ನಿಪುಡಿಯ ಜೊತೆಗೆ ಎಂಟು ಹಳೆಯ ಸಾಕ್ಸುಗಳಿದ್ದವು.

ಹೀಗಾಗಿ ಒಂದು ವರ್ಷ ನಾನು ಓರ್ಸಮ್ಮನ ತಲೆಯ ಮೇಲೆ ಬೆಕ್ಕಿನ ಹಾಗೆ ಬದುಕಿದ್ದೆ. ಹೊರಡಬೇಕಾಗಿ ಬಂದರೆ ಅರ್ಧ ಓದು ಅಲ್ಲೇ ಬಿಟ್ಟು ಹೊರಡಬೇಕು. ಮತ್ತೆ ಒಳಬರಲು ಹೊಸದಾಗಿ ಅರ್ಜಿ ಹಾಕಿದರೆ ಸರದಿ ಬರುವುದಕ್ಕೆ ಮೂರು ವರ್ಷ ಹಿಡಿಯುತ್ತದೆ ಎಂದು ಕಾಲೇಜಿನವರು ಹೇಳಿದ್ದರು. ಅಷ್ಟರಲ್ಲಿ ನಾನು ಅಳೆಯುತ್ತಿದ್ದ ಸೇತುವೆಯನ್ನು ಬೇರೆ ಯಾರೋ ದುರಸ್ತಿ ಮಾಡಿ ಮುಗಿಸಿರುತ್ತಿದ್ದರು.

ಸೋಮವಾರ ಮಧ್ಯಾಹ್ನವೇ ಎಲ್ಡನ್ ಮಿನೇಜಸ್ ಬಂದ. ಕರಾವಳಿಯ ಶಿರ್ವದ ಹುಡುಗ, ಮೀನಿನ ರೋಗಗಳ ಬಗ್ಗೆ ಓದುತ್ತಿದ್ದ, ನಾಲ್ಕು ಬೀದಿ ಆಚೆ ಇದ್ದ. ಆ ಊರಿನಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ. ಅವನ ಮೇಲೆ ದೂರು ಹೇಳಲು ಅವನ ಮೆಟ್ಟಿಲಿನವರು ಪೈಪೋಟಿ ನಡೆಸುತ್ತಿದ್ದರು.

"ಎಂತ ಮಾರಾಯ್ತಿ ನೀನು, ಒಂದು ವರ್ಷ ಇದ್ದು ಒಂದು ಕಂಪ್ಲೇಂಟ್ ಇಲ್ವಾ? ನಾಚಿಕೆ ಆಗುದಿಲ್ವಾ ನಿಂಗೆ?"

"ಏನ್ ಮಾಡ್ಲೋ, ನಮಗ ಅಭ್ಯಾಸ ಇಲ್ಲ."

"ಅಭ್ಯಾಸ ಮಾಡುವ. ನಾಲ್ಕು ದಿನ ಉಂಟಲ್ಲ. ನನ್ನ ಕೈಗೆ ಬಿಡು, ಶುಕ್ರವಾರಕ್ಕೆ ನಿನ್ನನ್ನು ಕಂಡ್ರೆ ಇಡೀ ಬೀದಿ ಹಲ್ಲು ಕಡಿಯಬೇಕು."

ಮೊದಲು ಕುರ್ಚಿಗಳ ಸಾಕ್ಸು ಬಿಚ್ಚಿಸಿದ. ಬಿಚ್ಚುವಾಗ ನನಗೆ ಯಾರದೋ ಬಟ್ಟೆ ಕಳಚಿದಷ್ಟು ಸಂಕೋಚವಾಯಿತು. ಆಮೇಲೆ ಇಬ್ಬರೂ ಕೋಣೆಯ ಈ ಗೋಡೆಯಿಂದ ಆ ಗೋಡೆಗೆ ಕುರ್ಚಿ ಎಳೆದೆವು. ಐದು ನಿಮಿಷದಲ್ಲಿ ಬಾಗಿಲು ಬಡಿದ ಸದ್ದು. ಓರ್ಸಮ್ಮ ನಿಂತಿದ್ದರು. ಎಲ್ಡನ್ ನನಗೆ ಕಣ್ಣು ಹೊಡೆದ.

"ಹುಡುಗಿ," ಎಂದರು ಓರ್ಸಮ್ಮ, "ಎಳೆಯೋದಾದರೆ ಕಿಟಕಿಯ ಹತ್ತಿರ ಎಳಿ. ಅಲ್ಲಿ ಹಲಗೆ ಸಡಿಲ ಇದೆ, ಸದ್ದು ಚೆನ್ನಾಗಿ ಬರುತ್ತೆ. ನಾನು ಕೆಳಗೆ ಕೂತು ಸಿಟ್ಟು ಮಾಡಿಕೊಳ್ಳೋಕೆ ನೋಡ್ತಾ ಇದ್ದೀನಿ."

"ಬಂತಾ ಓರ್ಸಮ್ಮ?"

"ಇಲ್ಲ. ಪಾಪ, ಎಷ್ಟು ಕಷ್ಟಪಡ್ತಾ ಇದ್ದಾಳೆ ಅನ್ನಿಸಿಬಿಡ್ತು."

ಅಲ್ಲಿಯ ಜನ ದೊಡ್ಡವರನ್ನೂ ಬರಿಯ ಹೆಸರಿನಿಂದ ಕರೆಯುತ್ತಾರೆ. ಎಪ್ಪತ್ತೆರಡರ ಹೆಂಗಸನ್ನು ಹಾಗೆ ಕರೆಯಲು ನನಗೆ ನಾಲಿಗೆ ಏಳದೆ ಮೊದಲ ದಿನವೇ ಅಮ್ಮ ಸೇರಿಸಿದ್ದೆ. ಅದೂ ಈಗ ನನಗೆ ಮುಳುವಾಗಿತ್ತು. ಅಮ್ಮ ಎಂದು ಕರೆದವಳ ಮೇಲೆ ಸಿಟ್ಟು ಹೇಗೆ ಬರಬೇಕು?

ಮಂಗಳವಾರ ನೆಲಮಹಡಿಯ ಬೇಕರಿಯ ಮಿರ್ದಾನ್ ತಾನು ಪ್ರಯತ್ನಿಸುತ್ತೇನೆಂದು ಅಂಗಡಿ ಬಾಗಿಲು ಹಾಕಿ ಬಂದ. ಆತ ಯೋಗ್ಯ ಮನುಷ್ಯ, ಸುಳ್ಳು ಹೇಳಲಾರೆ ಎಂದು ದಾರಿಯುದ್ದಕ್ಕೂ ನನ್ನ ತಪ್ಪು ಹುಡುಕುತ್ತ ನಡೆದ. ಕೊನೆಗೆ ಬಾವಿಗೆ ಬಗ್ಗಿ, "ಈಕೆ ಅಕ್ರೋಟಿನ ಬ್ರೆಡ್ಡು ಬಿಟ್ಟರೆ ಬೇರೇನೂ ಕೊಳ್ಳುವುದಿಲ್ಲ. ನನ್ನ ಸೋಂಪಿನ ಬ್ರೆಡ್ಡನ್ನು ಒಂದು ದಿನವೂ ರುಚಿ ನೋಡಿಲ್ಲ" ಎಂದ. ಒಳಗಿನಿಂದ ಗುಳುಕ್ ಎಂದು ಒಂದು ಸದ್ದು ಬಂತು. ಪಾವ್ಲೆನ್ ಬಗ್ಗಿ, ಕಿವಿಗೊಟ್ಟು, ಎದ್ದು ನಿಂತರು.

"ಗುಳುಕ್ ಸಾಲದು," ಎಂದರು.

"ಸ್ವಲ್ಪ ಬೇಜಾರಿತ್ತು, ನಿಜವಾಗಿಯೂ ಇತ್ತು," ಎಂದ ಮಿರ್ದಾನ್, ಪೆಚ್ಚಾಗಿ.

"ಬೇಜಾರಿಗೂ ದೂರಿಗೂ ವ್ಯತ್ಯಾಸ ಇದೆ ಸ್ವಾಮಿ. ನಾನು ಇಲ್ಲಿ ಇಪ್ಪತ್ತು ವರ್ಷದಿಂದ ಇದ್ದೀನಿ."

ಬುಧವಾರ ಒಗ್ಗರಣೆ. ಬ್ಯಾಡಗಿ ಮೆಣಸಿನಕಾಯಿ ಜೊತೆ ಅಲ್ಲಿಯ ಸಣ್ಣ ಕರಿ ಮೆಣಸಿನಕಾಯಿಯನ್ನೂ ಸೇರಿಸಿ ಬಾಣಲೆಗೆ ಹಾಕಿ, ಬಾಗಿಲು ತೆರೆದಿಟ್ಟು, ನಾವಿಬ್ಬರೂ ಮೂಗಿಗೆ ಬಟ್ಟೆ ಕಟ್ಟಿಕೊಂಡೆವು. ಮೆಟ್ಟಿಲುಗಳೆಲ್ಲ ಸೀನತೊಡಗಿದವು. ಬೇಕರಿಗೆ ಬಂದಿದ್ದ ಗಿರಾಕಿಗಳು ಬೀದಿಗೆ ಓಡಿದರು. ಸಂಜೆ ಓರ್ಸಮ್ಮ ಬಂದು, ಕಟ್ಟಿಕೊಂಡಿದ್ದ ತಮ್ಮ ಮೂಗು ಎಷ್ಟೋ ದಿನಗಳ ಮೇಲೆ ಬಿಟ್ಟಿತೆಂದು ಹೇಳಿ ನನ್ನ ಕೆನ್ನೆ ತಟ್ಟಿದರು. ಆ ಮೆಣಸಿನಕಾಯಿ ಸ್ವಲ್ಪ ಸಿಗುತ್ತದೆಯೇ ಎಂದೂ ಕೇಳಿದರು.

ತೊಂದರೆ ಎಲ್ಲಿದೆ ಎಂದು ಅಷ್ಟು ಹೊತ್ತಿಗೆ ನನಗೆ ಗೊತ್ತಾಗಿತ್ತು. ನಾನು ಏಕೆ ಹೀಗೆ ಮಾಡುತ್ತಿದ್ದೇನೆ ಎಂದು ಇಡೀ ಬೀದಿಗೆ ಗೊತ್ತಿತ್ತು. ಎಲ್ಲರೂ ನನ್ನ ಕಡೆಗೇ ಇದ್ದರು. ಎದುರು ಮನೆಯ ಮುದುಕರು ಕಿಟಕಿಯಿಂದ, "ಇನ್ನೂ ಜೋರಾಗಿ ಮಾಡಮ್ಮ!" ಎಂದು ಹುರಿದುಂಬಿಸುತ್ತಿದ್ದರು. ಅಷ್ಟೊಂದು ಕನಿಕರದ ನಡುವೆ ಒಂದು ಚೂರು ಸಿಟ್ಟು ಹುಟ್ಟುವ ಹಾಗಿರಲಿಲ್ಲ.

ಅಂದು ಸಂಜೆ ಅವ್ವನ ಫೋನ್ ಬಂತು. ಮುಚ್ಚಿಡಲಾಗಲಿಲ್ಲ.

"ಕಂಪ್ಲೇಂಟಾ? ನಿನ್ ಮ್ಯಾಲ? ಯಾರ ಕೊಟ್ಟಾರ, ಹೆಸರ ಹೇಳು."

"ಯಾರೂ ಕೊಟ್ಟಿಲ್ಲವ್ವಾ. ಅದ ತೊಂದ್ರಿ ಆಗೇದ."

"ಕೊಡದಿದ್ರ ಛಲೋ ಆತಲ್ಲ!"

"ಇಲ್ಲೆ ಕೊಟ್ರ ಅಷ್ಟ ಇರಾಕ ಬಿಡ್ತಾರ."

ಫ್ಯಾನು ತಿರುಗುವ ಸದ್ದು ಹುಬ್ಬಳ್ಳಿಯಿಂದ ಕೇಳಿಸಿತು. "ನಾ ಬಂದು ಕೊಡ್ಲೇನು? ನನ್ ಹತ್ರ ರಗಡ ಅದಾವು. ಹಸಿ ಟವೆಲ್ಲು ಹಾಸಿಗಿ ಮ್ಯಾಲ ಒಗೀತಿ, ಕರದ್ರ ಓ ಅನ್ನಂಗಿಲ್ಲ..."

"ನೆರಿಮನಿಯವರ ಕೊಡಬೇಕವ್ವಾ."

"ಹಂಗಾರ ಒಂದಿಷ್ಟು ಉಪ್ಪಿಟ್ಟು ಮಾಡಿ ಕೊಡು ಅವರಿಗೆ. ಖುಷಿಯಿಂದ ಕೊಡ್ತಾರ."

"ಖುಷಿಯಾದ್ರ ಬಾವಿ ಮಾತಾಡಂಗಿಲ್ಲ."

"ಎಂಥಾ ಊರಿಗೆ ಹೋಗಿ ಕುಂತೀಯವ್ವಾ ನೀ," ಎಂದು ಅವ್ವ ಫೋನ್ ಇಟ್ಟಳು.

ಗುರುವಾರ ಬೆಳಕು ಹರಿಯುವ ಮೊದಲೇ ಎಲ್ಡನ್ ಒಣಮೀನಿನ ಪೊಟ್ಟಣ ಹಿಡಿದು ಬಂದ. ಜನ ನಿದ್ದೆಯಲ್ಲಿರುವಾಗ ಒಣಮೀನು ಹುರಿದರೆ ದೇವರಿಗೂ ಸಿಟ್ಟು ಬರುತ್ತದೆ, ಇದು ತನ್ನ ಮೆಟ್ಟಿಲಿನಲ್ಲಿ ಪರೀಕ್ಷೆಯಾದ ವಿದ್ಯೆ ಎಂದ. ಬಾಣಲೆ ಕಾಯುತ್ತಿರುವಾಗ ಕೆಳಗಿನಿಂದ ಶುರುವಾಯಿತು: ಠಣ್, ಠಣ್, ಠಣ್. ಕಪಾಟಿನ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಎಂದವು. ಎಲ್ಡನ್ ಸೌಟು ಹಿಡಿದು ಹಾಗೇ ನಿಂತ.

"ಎಂತದು ಇದು? ಭೂಕಂಪವಾ?"

"ಓರ್ಸಮ್ಮ. ಅಕ್ರೋಟು ಕುಟ್ಟತಾರ."

"ಐದು ಗಂಟೆಗೆ?"

"ದಿನಾ ಕುಟ್ಟತಾರ. ನಾ ಕಿವಿಗೆ ಹತ್ತಿ ಇಟ್ಕೊಂಡು ಮಕ್ಕೋತೀನಿ, ಏನೂ ತ್ರಾಸ ಇಲ್ಲ."

"ಒಂದು ವರ್ಷದಿಂದ? ಹೋಗಿ ಹೇಳ್ಲಿಲ್ವಾ ನೀನು?"

"ಏನಂತ ಹೇಳಲೋ? ಅವರ ಮನಿ, ಅವರ ಒರಳು."

ಅವನು ನನ್ನನ್ನು ಅಪರೂಪದ ಮೀನನ್ನು ನೋಡುವ ಹಾಗೆ ನೋಡಿದ. ಆಮೇಲೆ ಮೀನು ಬಾಣಲೆಗೆ ಬಿತ್ತು, ಮನೆಯೆಲ್ಲ ಹೊಗೆಯಾಯಿತು, ಆ ಮಾತು ಅಲ್ಲಿಗೆ ನಿಂತಿತು.

ಓರ್ಸಮ್ಮ ಬಂದರು. ಮೂಗು ಮುಚ್ಚಿಕೊಂಡಿರಲಿಲ್ಲ. "ಇದು ಯಾವ ಮೀನು?" ಎಂದು ಬಾಗಿಲಲ್ಲೇ ಕೇಳಿ, ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕೂತರು. ಎಲ್ಡನ್ ಸೋತ ಮುಖದಿಂದ ಒಂದು ತುಂಡು ತಟ್ಟೆಗೆ ಹಾಕಿ ಕೊಟ್ಟ. ಅವರು ಮುಳ್ಳು ಬಿಡಿಸಿ ಚೀಪಿ ತಿನ್ನುವುದನ್ನು ನೋಡುತ್ತ, ಸುಮ್ಮನೆ ಮಾತಿಗೆಂಬಂತೆ ಊರಿನ ಭಾಷೆಯಲ್ಲಿ ಹೇಳಿದ: "ಅಮ್ಮಾ, ನಿಮ್ಮ ಕೈಯಲ್ಲಿ ಒಳ್ಳೆ ಬಲ ಇದೆ. ಈಕೆ ಒಂದು ವರ್ಷದಿಂದ ಕಿವಿಗೆ ಹತ್ತಿ ಇಟ್ಟುಕೊಂಡು ಮಲಗ್ತಾ ಇದ್ದಾಳೆ, ಗೊತ್ತಾ?"

ಓರ್ಸಮ್ಮನ ಕೈ ತಟ್ಟೆಗೂ ಬಾಯಿಗೂ ನಡುವೆ ನಿಂತಿತು.

"ಹತ್ತಿಯಾ?"

"ಹಾಗೇನಿಲ್ಲ ಓರ್ಸಮ್ಮ," ಎಂದೆ ನಾನು ಗಾಬರಿಯಿಂದ, "ಸ್ವಲ್ಪ. ಚಳಿಗೂ ಆಗುತ್ತೆ ಅಂತ..."

"ಅಂದರೆ ನಿನಗೆ ಕೇಳಿಸ್ತಾ ಇತ್ತು."

"ಕೇಳಿಸ್ತಿತ್ತು. ಆದರೆ ನನಗೇನೂ ತೊಂದರೆ ಇಲ್ಲ. ನೀವು ಕುಟ್ಟಿಕೊಳ್ಳಿ."

ಅವರು ತುಂಡನ್ನು ತಟ್ಟೆಗೆ ಹಾಕಿದರು. ಎದ್ದರು. ಕಿವಿಯಿಂದ ಶುರುವಾದ ಕೆಂಪು ಕುತ್ತಿಗೆಗೆ ಇಳಿಯುವುದನ್ನು ನಾನು ನೋಡಿದೆ. ಮೆಟ್ಟಿಲಿಳಿದು ಹೋದರು. ಕೆಳಗೆ ಬಾಗಿಲು ಹಾಕಿದ ರಭಸಕ್ಕೆ ನಮ್ಮ ಲೋಟಗಳು ಮತ್ತೊಮ್ಮೆ ಕಿಣಿಗುಟ್ಟಿದವು.

ಹುಟ್ಟಿದಾಗಿನಿಂದ ಯಾವುದು ಆಗಬಾರದು ಎಂದು ನಮ್ಮ ಮನೆಯಲ್ಲಿ ಉಸಿರು ಬಿಗಿಹಿಡಿದು ಬದುಕಿದ್ದೆವೋ ಅದು ಆಗಿಹೋಗಿತ್ತು. ಕೆಳಗಿನ ಮನೆಯವರಿಗೆ ನನ್ನ ಮೇಲೆ ಸಿಟ್ಟು ಬಂದಿತ್ತು. ಪರವಾನಗಿ, ಬಸ್ಸು, ಸೇತುವೆ ಎಲ್ಲವೂ ಆ ಹೊತ್ತಿಗೆ ತಲೆಯಿಂದ ಹೋಗಿ, ಚಪ್ಪಲಿ ಮೆಟ್ಟಿ ಬಾಗಿಲ ಕಡೆ ಓಡಿದೆ. ಎಲ್ಡನ್ ಅಡ್ಡ ನಿಂತ.

"ಎಲ್ಲಿಗೆ?"

"ದಾರಿ ಬಿಡೋ, ತಪ್ಪಾತು ಅಂತ ಹೇಳಿ ಬರ್ತೀನಿ. ಅವರಿಗೆ ಸಿಟ್ಟ ಬಂದೇತಿ."

"ಮಾರಾಯ್ತಿ, ನಿಂಗೆ ತಲೆ ಸರಿ ಉಂಟಾ? ನಾಲ್ಕು ದಿನದಿಂದ ನಾವು ಎಂತಕ್ಕೆ ಸಾಯ್ತಾ ಇದ್ದದ್ದು? ಸಿಟ್ಟು! ಅಸಲಿ ಸಿಟ್ಟು! ಈಗ ನೀನು ಹೋಗಿ ಸಾರಿ ಹೇಳು, ಅವರು ನಿನ್ನ ಕೆನ್ನೆ ತಟ್ಟಲಿ, ನಾಳೆ ನೀನು ಬಸ್ಸಿನಲ್ಲಿ ಕೂತ್ಕೊ."

ಆ ಗುರುವಾರದಷ್ಟು ಉದ್ದದ ದಿನವನ್ನು ನಾನು ಕಂಡಿಲ್ಲ. ಕ್ಷಮಿಸಿ ಎಂಬ ಮಾತು ಗಂಟಲಲ್ಲಿ ಸಿಕ್ಕಿದ ಮುಳ್ಳಿನ ಹಾಗೆ ಕೂತಿತ್ತು. ಕಾಲೇಜಿಗೆ ಹೋಗುವಾಗ ಓರ್ಸಮ್ಮನ ಬಾಗಿಲ ಮುಂದೆ ಹಾದುಹೋದೆ, ಬಾಗಿಲು ಬಡಿಯದಿರಲು ಎರಡೂ ಕೈಗಳನ್ನು ಕೋಟಿನ ಜೇಬಿನಲ್ಲಿ ಇಟ್ಟುಕೊಂಡೆ. ಸೇತುವೆಯ ಕೆಳಗೆ ನಿಂತು ಕಲ್ಲುಗಳ ನಡುವಿನ ಬಿರುಕು ಅಳೆಯುವಾಗ ಎರಡು ಸಲ ತಪ್ಪು ಅಳೆದೆ. ಸಂಜೆ ಬಂದು ಅವರ ಬಾಗಿಲಿಗೆ ಕಿವಿ ಇಟ್ಟೆ. ಒಳಗೆ ಪಾತ್ರೆಗಳನ್ನು ಕುಕ್ಕಿ ಕುಕ್ಕಿ ಇಡುವ ಸದ್ದು ಕೇಳಿಸಿತು. ಬಾವಿಗೆ ಬನ್ನಿ ಎಂದು ಕರೆಯುವ ಹಾಗೂ ಇರಲಿಲ್ಲ. ಕರೆದರೆ ಅದು ಉಪಕಾರವಾಗುತ್ತದೆ, ಉಪಕಾರಕ್ಕೆ ಬಾವಿ ದನಿಗೂಡಿಸುವುದಿಲ್ಲ. ಅವರಾಗಿ ಹೋಗಬೇಕು, ಹೋಗುವವರೆಗೆ ಸಿಟ್ಟು ಆರಬಾರದು. ಇಷ್ಟನ್ನೂ ಯೋಚಿಸುತ್ತ ನಾನು ಮಂಚದ ಮೇಲೆ ಕೂತಿದ್ದೆ, ಅಭ್ಯಾಸಬಲದಿಂದ, ಸದ್ದಿಲ್ಲದೆ.

ಶುಕ್ರವಾರ ಬೆಳಿಗ್ಗೆ ಐದಕ್ಕೆ ಕುಟ್ಟುವ ಸದ್ದು ಬರಲಿಲ್ಲ. ಮೊದಲ ಸಲ ನನಗೆ ಆ ನಿಶ್ಶಬ್ದಕ್ಕೇ ಎಚ್ಚರವಾಯಿತು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆ ತುಂಬಿಕೊಂಡೆ. ಎಲ್ಡನ್ ಬಂದು ಪೆಟ್ಟಿಗೆಯ ಮೇಲೆ ಕೂತ, ತಮಾಷೆ ಮಾಡಲಿಲ್ಲ. ಮೂರು ಗಂಟೆಗೆ ಕೆಳಗಿನಿಂದ ಮಿರ್ದಾನ್ ಕೂಗಿದ: "ವೈಜಯಂತೀ! ಓರ್ಸಾ ಟೋಪಿ ಹಾಕಿಕೊಂಡು ಹೋದಳು!"

"ಎಲ್ಲಿಗೆ?"

"ಹೇಳಲಿಲ್ಲ. ಬ್ರೆಡ್ಡು ಬೇಕೇ ಅಂತ ಕೇಳಿದ್ದಕ್ಕೆ ನನಗೂ ಬೈದು ಹೋದಳು!"

ನಾವು ಓಡಿದೆವು. ನಾನು ಆ ಊರಿನಲ್ಲಿ ಮೆಟ್ಟಿಲುಗಳನ್ನು ದಡದಡ ಇಳಿದದ್ದು ಅದೇ ಮೊದಲು. ಕಚೇರಿಯ ಹಿತ್ತಿಲಿಗೆ ಹೋಗುವಾಗ ಓರ್ಸಮ್ಮ ಆಗಲೇ ಬಾವಿಯ ಕಟ್ಟೆಯ ಬಳಿ ಇದ್ದರು. ಪಾವ್ಲೆನ್ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದರು. ನನ್ನನ್ನು ಕಂಡು ಓರ್ಸಮ್ಮ, "ಬಂದೆಯಾ? ಅಲ್ಲೇ ನಿಂತ್ಕೋ. ಬಾಯಿ ಬಿಡಬೇಡ" ಎಂದರು. ಆ ಮುಳ್ಳು ಗಂಟಲಿನಿಂದ ನಾಲಿಗೆಯ ತುದಿಗೆ ಬಂದಿತ್ತು. ಎಲ್ಡನ್ ಹಿಂದಿನಿಂದ ನನ್ನ ಕೋಟಿನ ತೋಳು ಹಿಡಿದ.

ಓರ್ಸಮ್ಮ ಟೋಪಿ ತೆಗೆದು ಕಟ್ಟೆಯ ಮೇಲಿಟ್ಟು ಬಗ್ಗಿದರು.

"ನನ್ನ ಮೇಲಿನ ಮನೆಯವಳು ನನ್ನನ್ನು ಒಂದು ವರ್ಷ ಮೂರ್ಖಳನ್ನಾಗಿ ಮಾಡಿದಳು!" ಎಂದರು. "ನನಗೆ ಹಲ್ಲಿಲ್ಲ. ನಾನು ಅಕ್ರೋಟು ತಿನ್ನುವವಳಲ್ಲ. ಕುಟ್ಟಿದ್ದನ್ನೆಲ್ಲ ಬೇಕರಿಗೆ ಕೊಟ್ಟೆ, ಇವಳು ಬ್ರೆಡ್ಡಿನಲ್ಲಿ ಅದನ್ನೇ ತಿಂದಳು! ಯಾರಿಗಾಗಿ ಕುಟ್ಟಿದೆ ನಾನು? ಇವಳು ಇಳಿದು ಬಂದು ಬಾಗಿಲು ಬಡಿಯಲಿ ಅಂತ ಕುಟ್ಟಿದೆ. ಏಳಕ್ಕೆ ಕುಟ್ಟಿದೆ, ಬರಲಿಲ್ಲ. ಆರಕ್ಕೆ ಕುಟ್ಟಿದೆ. ಮರದ ಕುಟ್ಟಾಣಿ ಬಿಟ್ಟು ಕಬ್ಬಿಣದ್ದು ತಂದೆ. ಐದಕ್ಕೆ ಎದ್ದೆ. ಮುದುಕಿಗೆ ಕೈಯಲ್ಲಿ ಬಲ ಹೋಯಿತು, ಸದ್ದು ಹೊರಗೆ ಹೋಗುತ್ತಿಲ್ಲ, ಇನ್ನು ನಾನು ಇದ್ದರೂ ಒಂದೇ ಇಲ್ಲದಿದ್ದರೂ ಒಂದೇ ಅಂದುಕೊಂಡೆ. ಇವಳು ಮೆಟ್ಟಿಲ ಮೇಲೆ ಸಿಕ್ಕಾಗಲೆಲ್ಲ ನಗುತ್ತಿದ್ದಳು. ಕಿವಿಯಲ್ಲಿ ಹತ್ತಿ ತುಂಬಿಕೊಂಡು ನಗುತ್ತಿದ್ದಳು! ಒಂದು ಸಲ ಬೈದಿದ್ದರೆ ಏನಾಗುತ್ತಿತ್ತು? ನಾನೇನು ಗಾಜಿನ ಬೊಂಬೆಯೇ? ಬೈಯುವುದಕ್ಕೂ ನಾನು ಲಾಯಕ್ಕಿಲ್ಲವೇ?"

ಈ ಸಲ ಬಾವಿ ತಕ್ಷಣ ಹೇಳಲಿಲ್ಲ. ಎಲ್ಡನ್ ನನ್ನ ತೋಳನ್ನು ಎಷ್ಟು ಗಟ್ಟಿ ಹಿಡಿದಿದ್ದನೆಂದರೆ ಮರುದಿನವೂ ಅಲ್ಲಿ ನೋಯುತ್ತಿತ್ತು. ಆಮೇಲೆ ಕೆಳಗಿನಿಂದ ಶುರುವಾಯಿತು, ಕೊನೆಯ ಮಾತಿನಿಂದಲ್ಲ, ಮೊದಲಿನಿಂದ. ಮೂರ್ಖಳನ್ನಾಗಿ, ಹಲ್ಲಿಲ್ಲ, ಬ್ರೆಡ್ಡು, ಏಳಕ್ಕೆ, ಆರಕ್ಕೆ, ಹತ್ತಿ, ಎಲ್ಲವೂ ಒಂದೂ ಬಿಡದೆ, ಹೇಳಿದ್ದಕ್ಕಿಂತ ಎರಡರಷ್ಟು ಗಟ್ಟಿಯಾಗಿ ಮೇಲೆ ಬಂತು. ಕಚೇರಿಯ ಕಿಟಕಿಗಳಲ್ಲಿ ಗುಮಾಸ್ತರ ತಲೆಗಳು ಕಾಣಿಸಿಕೊಂಡವು. ಪಾವ್ಲೆನ್ ಕಿವಿ ಮುಚ್ಚಿಕೊಂಡು, ಸಾಕು ಸಾಕು ಎಂದು ತಲೆಯಾಡಿಸುತ್ತಿದ್ದರು. ಲಾಯಕ್ಕಿಲ್ಲವೇ ಎಂದು ಬಾವಿ ಮುಗಿಸಿದಾಗ ಓರ್ಸಮ್ಮ ಸೆರಗಿಲ್ಲದ್ದರಿಂದ ಟೋಪಿಯಿಂದಲೇ ಕಣ್ಣು ಒರೆಸಿಕೊಂಡರು.

"ಪರವಾನಗಿ ಮುಂದುವರಿದಿದೆ," ಎಂದರು ಪಾವ್ಲೆನ್. "ಪದ್ಧತಿ ಪ್ರಕಾರ ಕೇಳ್ತೀನಿ, ವೈಜಯಂತಿಯವರೇ. ನಿಮ್ಮ ಕಡೆಯಿಂದ ಎದುರು ದೂರು ಏನಾದರೂ ಇದೆಯೇ? ಬಗ್ಗಿ ಹೇಳಿ."

ನಾನು ಬಗ್ಗಿ, "ಏನೂ ಇಲ್ಲ" ಎಂದೆ.

ಬಾವಿ ಸುಮ್ಮನಿತ್ತು.

ಪಾವ್ಲೆನ್ ನನ್ನ ಮುಖ ನೋಡಿದರು. ಓರ್ಸಮ್ಮ ನೋಡಿದರು. ಎಲ್ಡನ್ ಮೆಲ್ಲಗೆ, "ಸಿಕ್ಕಿಬಿದ್ದಿ" ಎಂದ.

"ಹೇಳು," ಎಂದರು ಓರ್ಸಮ್ಮ. ಅವರ ದನಿಯಲ್ಲಿ ಸಿಟ್ಟು ಇನ್ನೂ ಇತ್ತು, ಆದರೆ ಅದರ ಹಿಂದೆ ಇನ್ನೇನೋ ಕಾಯುತ್ತಿತ್ತು. "ನನ್ನ ಮುಖ ನೋಡಬೇಡ, ನೀರು ನೋಡಿಕೊಂಡು ಹೇಳು."

ನೀರು ನೋಡಿದೆ. ಊರಿನ ಭಾಷೆಯಲ್ಲಿ ಶುರುಮಾಡಲು ಹೋದರೆ ಬರಲಿಲ್ಲ. ಬಾಯಿ ತಾನಾಗಿ ಹುಬ್ಬಳ್ಳಿಗೆ ತಿರುಗಿತು. "ಮುಂಜಾನಿ ಐದಕ್ಕ ಯಾರರ ಕುಟ್ಟತಾರೇನ್ರಿ? ಮನುಷ್ಯಾರು ಮಕ್ಕೋಬಾರದೇನು? ಒಂದ್ ವರ್ಷ ಆತು ನಾ ನೆಟ್ಟಗ ನಿದ್ದಿ ಮಾಡಿ! ಲೋಟ ಒಡದು, ತಲಿ ಒಡದು, ಪರೀಕ್ಷಾದಾಗ ಕುಂತಲ್ಲೆ ತೂಕಡಿಸೀನಿ! ಸಾಕಾಗೇತ್ರಿ ನನಗ, ಸಾಕಾಗೇತಿ!"

ಕೊನೆಗೆ ನಾನು ಕಿರುಚುತ್ತಿದ್ದೆ ಎಂದು ಎಲ್ಡನ್ ಆಮೇಲೆ ಹೇಳಿದ. ನನಗೆ ಗೊತ್ತಾಗಲಿಲ್ಲ. ಬಾವಿ ಅದನ್ನೂ ಪೂರ್ತಿ ತಿರುಗಿ ಹೇಳಿತು, ನಮ್ಮ ಓಣಿಯಲ್ಲಿ ನಳದ ಮುಂದೆ ಜಗಳ ಆಡುವ ಹೆಂಗಸರ ಧಾಟಿಯಲ್ಲಿಯೇ, ಒಂದಕ್ಷರ ತಪ್ಪದೆ. ಓರ್ಸಮ್ಮನಿಗೆ ಒಂದು ಪದವೂ ಅರ್ಥವಾಗಿರಲಿಲ್ಲ. ಆದರೂ ಕೇಳುತ್ತ ಕೇಳುತ್ತ ಅವರ ಬೊಚ್ಚುಬಾಯಿ ಅಗಲವಾಗಿ ತೆರೆದುಕೊಂಡಿತು.

"ಇದು ನನ್ನ ಮೇಲೆ ತಾನೇ?" ಎಂದು ಪಾವ್ಲೆನ್ ಕಡೆ ತಿರುಗಿದರು.

"ನಿಮ್ಮ ಮೇಲೆಯೇ. ಮನೆ ಇನ್ನೊಂದು ವರ್ಷ ನಿಮ್ಮ ಹೆಸರಿನಲ್ಲಿ."

"ಹೋದ ವರ್ಷ ಮಿರ್ದಾನ್ ಕೊಟ್ಟಿದ್ದು ಬರೀ ಬ್ರೆಡ್ಡು ಒತ್ತಿ ನೋಡ್ತಾಳೆ ಅಂತ. ಎಷ್ಟು ಸಪ್ಪೆ!" ಎಂದು ಓರ್ಸಮ್ಮ ನನ್ನ ಕೈಗೆ ಕೈ ಹಾಕಿದರು. "ಇದು ಜೋರಾಗಿತ್ತು. ಏನಂದೆ ಅಂತ ದಾರಿಯಲ್ಲಿ ಒಂದೊಂದೇ ಪದ ಬಿಡಿಸಿ ಹೇಳು. ಖಾರ ಕಡಿಮೆ ಮಾಡಬೇಡ."

ದಾರಿಯುದ್ದಕ್ಕೂ ಹೇಳಿದೆ. ಎಲ್ಡನ್ ನಡುನಡುವೆ ತನ್ನ ಕಡೆಯ ಬೈಗುಳ ಸೇರಿಸಿ ಅನುವಾದ ಕೆಡಿಸಿದ. ಸಂಜೆಯ ಬಸ್ಸು ನಾವು ಬೀದಿ ದಾಟುವಾಗ ನಮ್ಮ ಮುಂದೆಯೇ ಹೋಯಿತು.

ಸೋಮವಾರ ಓರ್ಸಮ್ಮ ಮತ್ತೆ ಕಚೇರಿಗೆ ಹೋಗಿ, ಬರುವ ವರ್ಷಕ್ಕೆ ನನ್ನ ಮೇಲಿನ ದೂರನ್ನು ಈಗಲೇ ಕೊಟ್ಟುಬಿಡುತ್ತೇನೆ ಎಂದರು. ಮುಂಗಡ ದೂರು ತೆಗೆದುಕೊಳ್ಳುವ ಪದ್ಧತಿ ಇಲ್ಲವೆಂದು ಪಾವ್ಲೆನ್ ಅವರನ್ನು ವಾಪಸು ಕಳುಹಿಸಿದರು.